ಇಚಿಲಂಪಾಡಿಯಲ್ಲಿ ಟ್ಯಾಪಿಂಗ್ ಮಾಡುವ ‘ದಿವಂಗತ’ ನಟಿ

ಬೆಳಗ್ಗೆ ಐದೂಕಾಲು. ಇಚಿಲಂಪಾಡಿಯ ಗುಡ್ಡದ ರಬ್ಬರ್ ತೋಟದಲ್ಲಿ ಒಂದೇ ಒಂದು ಬೆಳಕು ಮರದಿಂದ ಮರಕ್ಕೆ ಹೋಗುತ್ತಿದೆ. ಒಂದು ಮರದ ಎದುರು ಹನ್ನೆರಡು ಹದಿಮೂರು ಸೆಕೆಂಡು ನಿಲ್ಲುತ್ತದೆ, ಆಮೇಲೆ ಮುಂದಿನ ಮರ. ಹತ್ತಿರ ಹೋದರೆ ಬೆಳಕಿನ ಕೆಳಗೆ ಒಂದು ಮುಖ ಇದೆ, ಮುಖದ ಕೆಳಗೆ ಬನಿಯನ್ನಿನ ಮೇಲೆ ತೊಟ್ಟ ಹಳೆಯ ಖಾಕಿ ಅಂಗಿ, ಅಂಗಿಯ ಕಿಸೆಯಲ್ಲಿ ಒಂದು ವೀಳ್ಯದೆಲೆ. ಚನಿಯಪ್ಪನವರಿಗೆ ಎಪ್ಪತ್ತೊಂದು ವರ್ಷ. ಹಣೆಗೆ ಕಟ್ಟಿದ ಟಾರ್ಚು ಮೊಮ್ಮಗಳ ಉಡುಗೊರೆ.

ಅವರ ಕೆಲಸವನ್ನು ನೋಡಬೇಕಾದರೆ ಮರವನ್ನು ನೋಡಬಾರದು, ಮಣಿಕಟ್ಟನ್ನು ನೋಡಬೇಕು. ಕತ್ತಿ ಹಿಡಿದ ಬಲಗೈ ತೊಗಟೆಯ ಮೇಲೆ ಎಡದಿಂದ ಕೆಳಕ್ಕೆ ಓರೆಯಾಗಿ ಜಾರುತ್ತದೆ. ನೂಲಿನಷ್ಟು ತೆಳ್ಳಗಿನ ಸಿಪ್ಪೆ ಸುರುಳಿ ಸುತ್ತಿ ಬೀಳುತ್ತದೆ. ಹಿಂದೆಯೇ ಬಿಳಿಯ ಹಾಲು ಗೆರೆ ಹಿಡಿದು ಇಳಿಯುತ್ತದೆ. ಒಂದು ಕೂದಲಿನಷ್ಟು ಆಳ ಹೆಚ್ಚಾದರೆ ಮರಕ್ಕೆ ಗಾಯ, ಕಡಿಮೆಯಾದರೆ ಹಾಲಿಲ್ಲ. ಕಡಿದು ಮುಗಿಸಿದ ಮೇಲೆ ಕೈ ಒಂದು ಕ್ಷಣ ಗಾಳಿಯಲ್ಲಿ ತಿರುಗಿ ನಿಲ್ಲುತ್ತದೆ, ಯಾರೋ ಸೆರಗನ್ನು ಹೆಗಲ ಮೇಲೆ ಸರಿ ಮಾಡಿಕೊಂಡ ಹಾಗೆ. ಆ ತಿರುವು ಟ್ಯಾಪಿಂಗಿಗೆ ಬೇಕಾದದ್ದಲ್ಲ. ಅದು ಎಲ್ಲಿಂದ ಬಂತು ಎಂಬುದೇ ಈ ಲೇಖನದ ಕತೆ. ಇದನ್ನು ಓದಿದ ಮೇಲೆ ಪುತ್ತೂರಿನ ಕೆಲವರಿಗಾದರೂ ನಾಚಿಕೆಯಾದರೆ ಬರೆದದ್ದು ಸಾರ್ಥಕ.

ದಿನಕ್ಕೆ ಇನ್ನೂರ ನಲವತ್ತು ಮರ. ಇವತ್ತು ಗುಡ್ಡದ ಈ ಮಗ್ಗುಲಾದರೆ ನಾಳೆ ಆ ಮಗ್ಗುಲು. ಏರಿಳಿದು ಲೆಕ್ಕ ಹಾಕಿದರೆ ನಾಲ್ಕು ಕಿಲೋಮೀಟರು ನಡಿಗೆ. ಒಂಬತ್ತು ಗಂಟೆಗೆ ಕಪ್ಪುಗಳಿಂದ ಹಾಲು ಒಟ್ಟು ಮಾಡಿ, ತಟ್ಟೆಗಳಿಗೆ ಹೊಯ್ದು, ಆಸಿಡ್ ಹಾಕಿ, ಹೆಪ್ಪುಗಟ್ಟಿದ್ದನ್ನು ಮೆಷಿನಿನಲ್ಲಿ ಒತ್ತಿ ಶೀಟು ಮಾಡಿ ನೇತು ಹಾಕುವಾಗ ಮಧ್ಯಾಹ್ನ. ಹೀಗೆ ನಲವತ್ತನಾಲ್ಕು ವರ್ಷ. ಮಳೆಗಾಲದಲ್ಲಿ ಮರಗಳಿಗೆ ಪ್ಲಾಸ್ಟಿಕ್ಕಿನ ಲಂಗ ಕಟ್ಟಿ ಕೆಲಸ ಮುಂದುವರಿಯುತ್ತದೆ. “ಮರಕ್ಕೆ ಲಂಗ ಕಟ್ಟುದ್ರಲ್ಲಿ ನನ್ನಷ್ಟು ಚಂದ ಈ ಕಡೆಯಲ್ಲಿ ಯಾರೂ ಕಟ್ಟುದಿಲ್ಲ” ಎಂದು ಹೇಳುವಾಗ ಮಾತ್ರ ಅವರ ತುಟಿಯ ಕೊನೆಯಲ್ಲಿ ಸಣ್ಣ ನಗು.

ಹುಟ್ಟಿದ್ದು ಆಲಂಕಾರಿನಲ್ಲಿ. ತಾಯಿ ಬೀಡಿ ಕಟ್ಟುತ್ತಿದ್ದರು. ಐದನೇ ಕ್ಲಾಸಿಗೆ ಶಾಲೆ ಮುಗಿಯಿತು. ಹದಿಮೂರನೇ ವಯಸ್ಸಿನಲ್ಲಿ ಊರಿನ ನಾಟಕ ತಂಡಕ್ಕೆ ಹೆಣ್ಣು ವೇಷಕ್ಕೆ ಜನ ಬೇಕಾಗಿತ್ತು. ಆಗೆಲ್ಲ ಹೆಂಗಸರು ರಂಗ ಹತ್ತುತ್ತಿರಲಿಲ್ಲ, ಮೀಸೆ ಬರದವರು ಹತ್ತುತ್ತಿದ್ದರು. ಚನಿಯಪ್ಪನವರಿಗೆ ಸಿಕ್ಕಿದ್ದು ರಾಜಕುಮಾರಿಯ ಪಾತ್ರವಲ್ಲ, ತಾಯಿಯ ಪಾತ್ರ. ಕಾರಣ ಕೇಳಿದರೆ ಅವರು ಸುಮ್ಮನೆ ಮಾಡಿ ತೋರಿಸುತ್ತಾರೆ. ಚಿಟ್ಟೆಯ, ಅಂದರೆ ಜಗಲಿಕಟ್ಟೆಯ, ಮೇಲೆ ಕೂತಿದ್ದವರು ಸ್ವಲ್ಪ ಮುಂದಕ್ಕೆ ಬಾಗುತ್ತಾರೆ, ಮಡಿಲಿನಲ್ಲಿ ಇಲ್ಲದ ಬೀಡಿಯ ಗೆರಸೆಯನ್ನು ಮೊಣಕಾಲಿನಿಂದ ಸರಿಸುತ್ತಾರೆ, ಎಡ ಮಣಿಕಟ್ಟಿನ ಹಿಂಬದಿಯಿಂದ ಮೂಗು ಒರೆಸುತ್ತಾರೆ. ಬೀಡಿ ಕಟ್ಟುವವರ ಬೆರಳಲ್ಲಿ ಹೊಗೆಸೊಪ್ಪಿನ ಪುಡಿ ಇರುತ್ತದಲ್ಲ, ಬೆರಳಿನಿಂದ ಮೂಗು ಮುಟ್ಟಿದರೆ ಸೀನು ಗ್ಯಾರಂಟಿ. ಆ ಮೇಲೆ ಒಂದು ಮಾತು, ತೆಳ್ಳಗೆ, ಗಂಟಲಿನ ತುದಿಯಿಂದ: “ಉಂಡಿಯಾ ಮಗ?” ಎಪ್ಪತ್ತೊಂದರ ಗಂಡಸು ಕೂತಿದ್ದ ಜಾಗದಲ್ಲಿ ಒಬ್ಬಳು ತಾಯಿ ಕೂತಿದ್ದಾಳೆ. ಮಿಮಿಕ್ರಿ ಮಾಡುವವರನ್ನು ಟಿವಿಯಲ್ಲಿ ದಿನಾ ನೋಡುತ್ತೇವೆ. ಅವರು ಇನ್ನೊಬ್ಬರ ದನಿ ತೆಗೆಯುತ್ತಾರೆ. ಚನಿಯಪ್ಪನವರು ಇನ್ನೊಬ್ಬರಿಗೆ ತಮ್ಮ ದನಿ ಬಿಟ್ಟುಕೊಡುತ್ತಾರೆ.

ಹದಿಮೂರು ವರ್ಷಗಳಲ್ಲಿ ಮುನ್ನೂರ ನಲವತ್ತು ಪ್ರಯೋಗ. ಸವಣೂರು, ಕಡಬ, ಸುಳ್ಯ, ಪುತ್ತೂರು, ಎಲ್ಲ ಕಡೆ ಶಾಲೆಯ ಮೈದಾನಗಳಲ್ಲಿ. ಎಂಬತ್ತರ ಹೊತ್ತಿಗೆ ರಂಗಕ್ಕೆ ನಟಿಯರು ಬಂದರು. ಅದು ಒಳ್ಳೆಯದೇ ಆಯಿತು ಎನ್ನುತ್ತಾರೆ ಅವರು. ಇಚಿಲಂಪಾಡಿಯಲ್ಲಿ ರಬ್ಬರ್ ಹಾಕಿದ್ದ ಮಲಯಾಳಿ ಕುಟುಂಬದವರಿಂದ ಟ್ಯಾಪಿಂಗ್ ಕಲಿತರು. ಬಣ್ಣ ತೊಳೆದು ಹಾಲಿಗೆ ಬಿದ್ದರು. ಜೇನಿಗಲ್ಲ, ಹಾಲಿಗೆ ಮಾತ್ರ.

ಸಿನೆಮಾದಲ್ಲಿ ಮಾಡಿದ್ದೀರಾ ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಅವರು ಕಿಸೆಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಾರೆ. “ಅದು ನಾನು ಹೇಳುವ ಮಾತಲ್ಲ ಮಾರಾಯ್ರೆ” ಎನ್ನುತ್ತಾರೆ. ಹಾಗಾಗಿ ಇಲ್ಲಿಂದ ಮುಂದೆ ಚನಿಯಪ್ಪನವರ ಸಿನೆಮಾ ಬದುಕಿನ ಬಗ್ಗೆ ಬರುವ ಒಂದು ಅಕ್ಷರವೂ ಚನಿಯಪ್ಪನವರು ಹೇಳಿದ್ದಲ್ಲ. ಹೇಳಿದ್ದು ಇಬ್ಬರು: ಅವರ ಹೆಂಡತಿ ಅಪ್ಪಿ, ಮತ್ತು ಸುಳ್ಯದ ಕುಕ್ಕಪ್ಪ.

ಹೋದ ತಿಂಗಳು ಮೊಮ್ಮಗಳು ಮೋಕ್ಷಿತಾಳ ಮೊಬೈಲಿಗೆ ಒಂದು ಆಮಂತ್ರಣ ಬಂತು. ಐವತ್ತು ವರ್ಷಗಳ ಹಿಂದೆ, ತುಳು ಸಿನೆಮಾ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಪುತ್ತೂರಿನ ದುಗ್ಗಪ್ಪ ಎಂಬವರು ತೆಗೆದ ‘ಅಪ್ಪೆನ ಸೆರಂಗ್’, ಅಂದರೆ ತಾಯಿಯ ಸೆರಗು, ಎಂಬ ಕಪ್ಪುಬಿಳುಪು ಚಿತ್ರಕ್ಕೆ ಚಿನ್ನದ ಹಬ್ಬ. ಅಟ್ಟದಲ್ಲಿ ಸಿಕ್ಕಿದ ರೀಲುಗಳನ್ನು ತೊಳೆದು ಹೊಸದು ಮಾಡಿದ್ದಾರೆ, ಮುಂದಿನ ಭಾನುವಾರ ಪುತ್ತೂರಿನ ಸಭಾಭವನದಲ್ಲಿ ಬೆಳಗ್ಗೆ ಹತ್ತಕ್ಕೆ ತೋರಿಸುತ್ತಾರೆ. ಆಮಂತ್ರಣದ ನಡುವೆ ಬಿಳಿ ಸೀರೆ ಉಟ್ಟ ಒಬ್ಬ ತಾಯಿಯ ಫೋಟೊ. ಫೋಟೊಕ್ಕೆ ಮಾಲೆ. ಕೆಳಗೆ ಬರಹ: ‘ದಿವಂಗತ ಕುಮಾರಿ ಶಶಿಪ್ರಭಾ, ಮದ್ರಾಸ್. ಅವರ ದಿವ್ಯ ಸ್ಮರಣೆಗೆ ನುಡಿನಮನ.’

ಅಪ್ಪಿ ಆಗ ತೆಂಗಿನಕಾಯಿ ಹೆರೆಯುತ್ತಿದ್ದರು. ಕನ್ನಡಕ ಹಾಕಿ ನೋಡಿದರು. ಮೊಬೈಲನ್ನು ದೂರ ಹಿಡಿದು ನೋಡಿದರು. ಆಮೇಲೆ ಅಂಗಳದಲ್ಲಿ ಶೀಟು ಒಣಗಿಸುತ್ತಿದ್ದ ಗಂಡನನ್ನು ನೋಡಿದರು.

“ನನ್ನ ಗಂಡನ ಫೋಟೊಕ್ಕೆ ಮಾಲೆ ಹಾಕಿದ್ದಾರೆ ಅವರು. ನಾನು ಇಲ್ಲಿ ಕರಿಮಣಿ ಕಟ್ಟಿಕೊಂಡು ಅವರಿಗೆ ಗಂಜಿ ಬಡಿಸ್ತಾ ಇದ್ದೇನೆ” ಎನ್ನುತ್ತಾರೆ ಅಪ್ಪಿ. ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಏರಿದ್ದರೆ ಕೇಳುವವರಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಪ್ಪಿಗೆ ಇದು ಹೊಸ ಸುದ್ದಿಯಲ್ಲ. ಮದುವೆಯಾದ ಮರುವರ್ಷ ಸವಣೂರಿಗೆ ಟೆಂಟ್ ಸಿನೆಮಾ ಬಂದಿತ್ತು, ಅದರಲ್ಲಿ ಈ ಚಿತ್ರ. ನೆರೆಕರೆಯ ಹೆಂಗಸರೆಲ್ಲ ಹೊರಟರು. ಚನಿಯಪ್ಪ ತಲೆನೋವು ಎಂದು ಮನೆಯಲ್ಲಿ ಉಳಿದರು. ಪರದೆಯ ಮೇಲೆ ವಿಧವೆ ತಾಯಿ ಮಗನನ್ನು ಬೊಂಬಾಯಿಗೆ ಕಳಿಸುವ ದೃಶ್ಯ. ಮಗ ಕಣ್ಮರೆಯಾಗುತ್ತಾನೆ, ತಾಯಿ ಅಳುವುದಿಲ್ಲ, ಎಡ ಮಣಿಕಟ್ಟಿನ ಹಿಂಬದಿಯಿಂದ ಮೂಗು ಒರೆಸಿಕೊಂಡು ಒಳಗೆ ಹೋಗುತ್ತಾಳೆ. ಅಷ್ಟಕ್ಕೆ ಟೆಂಟಿನ ಹೆಂಗಸರೆಲ್ಲ ಅತ್ತರು. ಅಪ್ಪಿ ಅಳಲಿಲ್ಲ. ಆ ಮೂಗನ್ನೂ ಆ ಮಣಿಕಟ್ಟನ್ನೂ ಅವರು ದಿನಾ ಬೆಳಗ್ಗೆ ಬಾವಿಕಟ್ಟೆಯಲ್ಲಿ ನೋಡುತ್ತಿದ್ದರು.

ಮನೆಗೆ ಬಂದಾಗ ಗಂಡ ಕೇಳಿದರಂತೆ, ಪಿಚ್ಚರ್ ಹೇಗಿತ್ತು ಎಂದು. “ಮಗ ಏನೂ ಸರಿ ಇಲ್ಲ. ತಾಯಿ ಒಳ್ಳೆದಿತ್ತು ಅಂತ ಹೇಳಿದೆ. ಅವರು ಆ ದಿನ ಒಂದು ಸಟ್ಟುಗ ಅನ್ನ ಹೆಚ್ಚು ಉಂಡರು.” ಗಂಡ ಹೇಳಿಲ್ಲ ಎಂದ ಮೇಲೆ ಹೇಳದೆ ಇರುವುದಕ್ಕೆ ಕಾರಣ ಇರಬೇಕು ಎಂದು ಹೆಂಡತಿ ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ನಲವತ್ತಾರು ವರ್ಷ ಈ ಮಾತು ಹೀಗೆಯೇ ಮಡಚಿ ಇಟ್ಟ ಸೀರೆಯಂತೆ ಇತ್ತು. ಬಿಡಿಸಿದ್ದು ಆ ಮಾಲೆ.

ಮಾಲೆಗಿಂತ ಸಿಟ್ಟು ಬರಿಸುವುದು ಸ್ಮರಣ ಸಂಚಿಕೆ. ಬಿಡುಗಡೆಗೆ ಮೊದಲೇ ಅದರ ಒಂದು ಪ್ರತಿ ಅಪ್ಪಿಯ ಕೈ ಸೇರಿದೆ. ಹದಿನಾಲ್ಕನೇ ಪುಟದಲ್ಲಿ ಸಂಶೋಧನಾತ್ಮಕ ಎಂದು ಹೇಳಿಕೊಳ್ಳುವ ಒಂದು ಬರಹವಿದೆ. ಅದರ ಪ್ರಕಾರ ಕುಮಾರಿ ಶಶಿಪ್ರಭಾ ಮದ್ರಾಸಿನ ಸುಸಂಸ್ಕೃತ ಮನೆತನದಲ್ಲಿ ಜನಿಸಿದರು, ಬಾಲ್ಯದಲ್ಲೇ ನೃತ್ಯ ಕಲಿತರು, ತುಳುನಾಡಿನ ಮೇಲಿನ ಪ್ರೀತಿಯಿಂದ ಈ ಒಂದೇ ತುಳು ಚಿತ್ರದಲ್ಲಿ ನಟಿಸಿದರು, ಕಲೆಗಾಗಿ ಅವಿವಾಹಿತರಾಗಿಯೇ ಉಳಿದರು, ತೊಂಬತ್ತರ ದಶಕದಲ್ಲಿ ಅಸ್ತಂಗತರಾದರು. ಬರೆದವರಿಗೆ ಹುಟ್ಟೂ ಗೊತ್ತಿಲ್ಲ, ಸಾವೂ ಗೊತ್ತಿಲ್ಲ, ನಡುವಿನದು ಹೇಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ಮಾತ್ರ ಗೊತ್ತಾಗಲಿಲ್ಲ. ಆಲಂಕಾರಿನಿಂದ ಪುತ್ತೂರಿಗೆ ಎಷ್ಟು ಹೊತ್ತಿನ ದಾರಿ? ಒಬ್ಬರು ಬಸ್ಸು ಹತ್ತಿ ಬಂದು ನಾಲ್ಕು ಮುದುಕರನ್ನು ವಿಚಾರಿಸಿದ್ದರೆ ಸಾಕಿತ್ತು. ಸಮಿತಿಯಲ್ಲಿ ಇಪ್ಪತ್ತೆರಡು ಜನ ಇದ್ದಾರೆ, ಒಬ್ಬರಿಗೂ ಬಸ್ಸು ಸಿಗಲಿಲ್ಲ. ಸ್ಮರಣ ಸಂಚಿಕೆಯ ತಲೆಯನ್ನು ಸ್ವಲ್ಪ ಕತ್ತರಿಸಿದರೆ ಮರಣ ಸಂಚಿಕೆ. ಇವರು ಕತ್ತರಿಸದೆಯೇ ಆ ಕೆಲಸ ಮಾಡಿದ್ದಾರೆ.

ಅಪ್ಪಿ ಆ ಪುಟವನ್ನು ಮೊಮ್ಮಗಳಿಂದ ಎರಡು ಸಲ ಓದಿಸಿದ್ದಾರೆ. “ಮದುವೆ ಆಗಲೇ ಇಲ್ಲವಂತೆ. ಹಾಗಾದರೆ ನಾನು ಯಾರು? ಈ ಹುಡುಗಿಯ ಅಮ್ಮನನ್ನು ಹೆತ್ತದ್ದು ಯಾರು?” ಅವಿವಾಹಿತ ದಿವಂಗತೆಗೆ ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು ಇದ್ದಾರೆ ಎಂಬುದನ್ನು ಸಂಶೋಧಕರ ಗಮನಕ್ಕೆ ತರಲಾಗಿದೆ.

ಆಮಂತ್ರಣ ನೋಡಿದ ಮಾರನೆಯ ದಿನವೇ ಅಪ್ಪಿ ಸುಳ್ಯದ ಬಸ್ಸು ಹತ್ತಿದ್ದರು. ಆ ಸಿನೆಮಾದ ಕಾಲದವರು ಯಾರಾದರೂ ಉಳಿದಿದ್ದಾರೆಯೇ ಎಂದು ಅವರಿವರಲ್ಲಿ ಕೇಳಿ ಕುಕ್ಕಪ್ಪನವರ ಮನೆ ಹುಡುಕಿದರು. ಕುಕ್ಕಪ್ಪನವರಿಗೆ ಎಂಬತ್ತೆರಡು. ಚಿತ್ರೀಕರಣದಲ್ಲಿ ಬಿಸಿಲನ್ನು ನಟರ ಮುಖಕ್ಕೆ ತಿರುಗಿಸುವ ದೊಡ್ಡ ಬೆಳ್ಳಿ ಹಲಗೆಯನ್ನು ಹಿಡಿಯುತ್ತಿದ್ದವರು. ಹಾಗಾಗಿ ಎಲ್ಲರ ಮುಖವನ್ನೂ ಅವರಷ್ಟು ಹತ್ತಿರದಿಂದ ನೋಡಿದವರಿಲ್ಲ. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆಗೆ ಅವರು ಅರೆಭಾಷೆಯಲ್ಲಿ ಕೊಟ್ಟ ಉತ್ತರ: “ನನ್ನ ಹಕ್ಕಲೆ ಯಾರೂ ಕೇಳಿತ್ಲೆ. ನಾನ್ ಹೇಳಿತ್ಲೆ.” ನನ್ನ ಹತ್ತಿರ ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಇದು ಇಪ್ಪತ್ತೆರಡು ಜನರ ಸಮಿತಿಗೆ ಆರು ಶಬ್ದಗಳಲ್ಲಿ ಬಂದ ವಿಮರ್ಶೆ.

ಅವರು ಹೇಳುವ ಕತೆ ಹೀಗಿದೆ. ತಾಯಿಯ ಪಾತ್ರಕ್ಕೆ ನಿಜವಾಗಿಯೂ ಮದ್ರಾಸಿನಿಂದ ಒಬ್ಬರು ನಟಿ ಬಂದಿದ್ದರು. ಕುಮಾರಧಾರಾ ಹೊಳೆಯ ಬದಿಯಲ್ಲಿ ಶೂಟಿಂಗ್. ಆಗಷ್ಟೇ ಮಳೆ ಬಿಟ್ಟ ಕಾಲ. ಮೊದಲ ದಿನವೇ ಅವರ ಕಾಲಿಗೆ ಉಂಬಳ, ನೆತ್ತರು ಹೀರುವ ಕಾಡಿನ ಜಿಗಣೆ, ಕಚ್ಚಿತು. ಎರಡನೇ ದಿನ ನಾಲ್ಕು ಕಡೆ ಕಚ್ಚಿತು. ಮೂರನೇ ದಿನ ಅವರು ಬಂದ ಕಾರಿನಲ್ಲೇ ವಾಪಸು ಹೋದರು. ಒಂದು ಶಾಟೂ ತೆಗೆದಿರಲಿಲ್ಲ. ಕ್ಯಾಮರಾ ಬಾಡಿಗೆಯದು, ತಂತ್ರಜ್ಞರು ಬಾಡಿಗೆಯವರು, ತಾಯಿ ಮಾತ್ರ ಬಾಡಿಗೆಗೆ ಸಿಗಲಿಲ್ಲ. ಆಗ ಕುಕ್ಕಪ್ಪನವರೇ ಹೇಳಿದರಂತೆ, ಹೊಳೆಯ ಆಚೆ ಆಲಂಕಾರಿನಲ್ಲಿ ಒಬ್ಬ ಇದ್ದಾನೆ, ತಾಯಿ ಪಾತ್ರ ಮಾಡಿದರೆ ಎದುರು ಕೂತ ಅವನ ತಾಯಿಯೇ ಅಳುತ್ತಾರೆ ಎಂದು.

ಇಪ್ಪತ್ತೊಂದರ ಚನಿಯಪ್ಪ ಐವತ್ತರ ತಾಯಿಯಾಗಿ ಹದಿನೆಂಟು ದಿನ ಕ್ಯಾಮರಾದ ಎದುರು ನಿಂತರು. ಉಂಬಳ ಅವರಿಗೂ ಕಚ್ಚಿತು. “ಸೀನಿನ ನಡುವೆ ಕಾಲಿಗೆ ಉಂಬಳ ಹತ್ತುದು ನನಗೆ ಕಾಣ್ತಿತ್ತು. ಈ ಜನ ಕಣ್ಣು ಮಿಟುಕಿಸಲಿಲ್ಲ” ಎನ್ನುತ್ತಾರೆ ಕುಕ್ಕಪ್ಪ. ಆಮೇಲೆ ಮದ್ರಾಸಿಗೆ ಹೋಗಿ ಮಾತುಗಳಿಗೆ ದನಿಯನ್ನೂ ಅವರೇ ಕೊಟ್ಟರು. ‘ಪೋಯಿನಾಯೆ ಬರುವೆ, ಬಾಕಿಲ್ ದೆತ್ತ್‌ದ್ ದೀಲೆ’ ಎಂಬ ಕೊನೆಯ ಮಾತು, ಅಂದರೆ ಹೋದವನು ಬರುತ್ತಾನೆ, ಬಾಗಿಲು ತೆರೆದಿಡಿ ಎಂಬುದು, ಆ ಕಾಲದ ಹೆಂಗಸರ ಬಾಯಲ್ಲಿ ಇವತ್ತಿಗೂ ಇದೆ.

ಸಮಸ್ಯೆ ಹೆಸರಿನದು. ದುಗ್ಗಪ್ಪನವರು ಮೂರು ಜೀಪು ಓಡಿಸುತ್ತಿದ್ದ ವ್ಯವಹಾರಸ್ಥ. ಕುಕ್ಕಪ್ಪನವರು ಅವರ ದನಿಯನ್ನು ತೆಗೆದೇ ಹೇಳುತ್ತಾರೆ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡಂತೆ ಕೆನ್ನೆ ಉಬ್ಬಿಸಿ: “ಶಾಲೆ ಮೈದಾನದಲ್ಲಿ ಪುಕ್ಕಟೆ ನೋಡಿದ ಮುಖವನ್ನು ಜನ ಟಿಕೆಟ್ ಕೊಟ್ಟು ನೋಡ್ತಾರಾ ಮಾರಾಯ? ಮದ್ರಾಸಿಂದು ಅಂತ ಹಾಕುವ.” ಹಾಗೆ ಹುಟ್ಟಿದರು ಕುಮಾರಿ ಶಶಿಪ್ರಭಾ. ಹೆರಿಗೆ ಪುತ್ತೂರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ.

ಗುಟ್ಟು ಹೊರಬೀಳಬಾರದು ಎಂದು ದುಗ್ಗಪ್ಪನವರು ಚನಿಯಪ್ಪನನ್ನು ತಮ್ಮ ಮನೆಯ ಚಾವಡಿಗೆ ಕರೆದೊಯ್ದರು. ಮನೆದೈವಕ್ಕೆಂದು ಇಟ್ಟ ಮಂಚದ ಎದುರು ನಿಲ್ಲಿಸಿ ಕೈಗೆ ಒಂದು ವೀಳ್ಯದೆಲೆ, ಒಂದು ಅಡಿಕೆ ಕೊಟ್ಟರು. ಈ ಕಡೆಯ ಹಳಬರಲ್ಲಿ ಮಾತು ಎಂದರೆ ಎಲೆ. ಎಲೆ ಹಿಡಿದವನು ಮಾತಿಗೆ ಕಟ್ಟುಬಿದ್ದ. ಕೊಟ್ಟವನು ಬಂದು ಒಂದು ಎಲೆ ಹಿಂದಕ್ಕೆ ತೆಗೆದುಕೊಂಡು ಹೋದರೆ ಬಿಡುಗಡೆ. ಅವನಿಲ್ಲದಿದ್ದರೆ ಅವನ ಮನೆಯವರು ಯಾರಾದರೂ ತೆಗೆದುಕೊಳ್ಳಬಹುದು. “ಪಿಚ್ಚರ್ ಓಡಿ ಮುಗಿಯಲಿ, ನಾನೇ ಬಂದು ಎಲೆ ತಗೊಂಡು ಹೋಗ್ತೇನೆ ಅಂತ ದುಗ್ಗಪ್ಪಣ್ಣ ಹೇಳಿದ್ದು ನನ್ನ ಕಿವಿಯಲ್ಲಿ ಉಂಟು” ಎನ್ನುತ್ತಾರೆ ಕುಕ್ಕಪ್ಪ. ಅವರು ಅಲ್ಲೇ ಹೊಸ್ತಿಲ ಬಳಿ ನಿಂತಿದ್ದರು. ಅವರ ಕೈಗೆ ಯಾರೂ ಎಲೆ ಕೊಡಲಿಲ್ಲ.

ಚಿತ್ರ ಪುತ್ತೂರಿನಲ್ಲಿ ಓಡಿದ್ದು ಹತ್ತೊಂಬತ್ತು ದಿನ. ದುಗ್ಗಪ್ಪನವರು ಎಲೆಗೆ ಬರಲಿಲ್ಲ. ಮರೆತರೋ, ಬೇಡವೆಂದುಕೊಂಡರೋ. ಒಂಬತ್ತು ವರ್ಷಗಳ ನಂತರ ತೀರಿಕೊಂಡರು.

ಈಗ ಆ ಕಿಸೆಯ ಎಲೆಯ ಅರ್ಥವಾಯಿತಲ್ಲ. ಚನಿಯಪ್ಪ ಎಲೆಯಡಿಕೆ ತಿನ್ನುವವರಲ್ಲ. ಆದರೂ ದಿನಾ ನಸುಕಿನಲ್ಲಿ ಹಿತ್ತಲಿನ ಬಳ್ಳಿಯಿಂದ ಒಂದು ಎಲೆ ಕಿತ್ತು ಕಿಸೆಗೆ ಇಡುತ್ತಾರೆ. ದಾರಿಯಲ್ಲಿ, ತೋಟದಲ್ಲಿ, ಪೇಟೆಯಲ್ಲಿ, ಯಾವತ್ತಾದರೂ ಆ ಮನೆಯವರು ಬಂದು ಕೇಳಿದರೆ ಕೊಡಲು ಎಲೆ ಇರಬೇಕಲ್ಲ. ಸಂಜೆಯವರೆಗೆ ಯಾರೂ ಬರದಿದ್ದರೆ ಬಾಡಿದ ಎಲೆಯನ್ನು ಅಪ್ಪಿಗೆ ಕೊಡುತ್ತಾರೆ, ಅಪ್ಪಿ ಸುಣ್ಣ ಹಚ್ಚಿ ತಿನ್ನುತ್ತಾರೆ. ಇದು ಗಂಡ ತನಗಾಗಿ ತರುವ ಎಲೆ ಎಂದೇ ಅವರು ತಿಳಿದಿದ್ದರು. “ಇಷ್ಟು ವರ್ಷ ನಾನು ಅವರ ಮಾತನ್ನೇ ಜಗಿದು ಉಗುಳಿದ್ದೇನೆ” ಎಂದು ಅಪ್ಪಿ ಹೇಳಿದಾಗ ಕುಕ್ಕಪ್ಪನವರೂ ಮುಖ ತಿರುಗಿಸಿದರು.

ಆ ಮನೆಗೆ ಹೋಗಿ ನೀವೇ ಕೇಳಬಹುದಿತ್ತಲ್ಲ ಎಂದರೆ ಚನಿಯಪ್ಪ ನೇರ ಉತ್ತರ ಕೊಡುವುದಿಲ್ಲ, ಒಗಟು ಹೇಳುವವರ ಹಾಗೆ ಹೇಳುತ್ತಾರೆ. “ಒಬ್ಬ ಮನುಷ್ಯ ಒಂದು ಮಾತು ಕೊಟ್ಟಿದ್ದಾನೆ ಅಂತ ಇಟ್ಟುಕೊಳ್ಳಿ. ಬಿಡಿಸಿ ಕೊಡಿ ಅಂತ ಕೇಳ್ಲಿಕ್ಕೆ ಹೋದ. ಎಂತ ಮಾತು ಅಂತ ಅವರು ಕೇಳುದಿಲ್ಲವಾ? ಹೇಳಿದರೆ ಅಲ್ಲಿಗೇ ಮಾತು ತಪ್ಪಿತಲ್ಲ. ಅವರಾಗಿ ಬರಬೇಕು.”

ಹಾಗೆ ಅವರಾಗಿ ಬರುವುದನ್ನು ಕಾಯುತ್ತ ಒಬ್ಬ ಕಲಾವಿದನ ಆಯುಷ್ಯ ಕಳೆಯಿತು. ಎಂಟು ವರ್ಷಗಳ ಹಿಂದೆ ಹಳೆಯ ಕಲಾವಿದರ ಪಟ್ಟಿ ಮಾಡುತ್ತಾರೆಂದು ಯಾರೋ ಒತ್ತಾಯಿಸಿ ಚನಿಯಪ್ಪನವರನ್ನು ಒಂದು ಕಚೇರಿಗೆ ಕರೆದೊಯ್ದಿದ್ದರು. ಮೇಜಿನ ಆಚೆಯವರು ತಲೆ ಎತ್ತದೆ ಕೇಳಿದರಂತೆ, ಸಿನೆಮಾದಲ್ಲಿ ಮಾಡಿದ್ದುಂಟಾ? ಚನಿಯಪ್ಪ ಇಲ್ಲ ಎಂದರು. ನಾಟಕದ ಫೋಟೊ ಉಂಟಾ? ತಂಡದ ಪೆಟ್ಟಿಗೆ ಎಂದೋ ನೆರೆಯಲ್ಲಿ ಹೋಗಿತ್ತು. ಅದಕ್ಕೂ ಇಲ್ಲ. ಮತ್ತೆ ಎಂತ ಉಂಟು? “ಮತ್ತೆ ನಾನು ಉಂಟು ಅಂತ ಹೇಳಿದೆ. ಅದಕ್ಕೆ ಅವರತ್ರ ಕಾಲಂ ಇರಲಿಲ್ಲ.” ಆ ದನಿಯನ್ನು ಅವರು ತೆಗೆದು ತೋರಿಸುವಾಗ, ಅರ್ಧ ಆಕಳಿಕೆ ಅರ್ಧ ಅಧಿಕಾರ, ಯಾರಿಗಾದರೂ ನಗು ಬರುತ್ತದೆ. 

ಕಳೆದ ವಾರ ಅಪ್ಪಿಯೂ ಕುಕ್ಕಪ್ಪನವರೂ ಪುತ್ತೂರಿಗೆ ಹೋದರು. ಹಬ್ಬದ ಸಮಿತಿಯ ಅಧ್ಯಕ್ಷ ದುಗ್ಗಪ್ಪನವರ ಮೊಮ್ಮಗ ಹರಿಪ್ರಸಾದ್. ಮದುವೆ ಮಂಟಪಗಳಿಗೆ ವೇದಿಕೆ ಅಲಂಕಾರ ಮಾಡಿಸುವ ಉದ್ಯಮ. ಕೆಟ್ಟ ಮನುಷ್ಯರಲ್ಲ. ಕೂರಿಸಿ ಜ್ಯೂಸು ಕೊಟ್ಟರು, ಪೂರ್ತಿ ಕೇಳಿದರು. ಆಮೇಲೆ ಸಂಚಿಕೆಯ ಕಟ್ಟುಗಳ ಕಡೆ ನೋಡಿದರು. “ಅಜ್ಜಿ, ನೀವು ಹೇಳುದು ಸುಳ್ಳು ಅಂತ ನಾನು ಹೇಳುದಿಲ್ಲ. ಆದರೆ ಎಲ್ಲ ಪ್ರಿಂಟಾಗಿ ಆಯ್ತಲ್ಲ” ಎಂದರು.

ಸಾವು ಪ್ರಿಂಟಾಗಿ ಆಗಿದೆ, ಇನ್ನು ಬದುಕಿಸಿದರೆ ಖರ್ಚು.

ಅಪ್ಪಿ ಮಾಲೆ ತೆಗೆಸಿ ಎಂದು ಕೇಳಲಿಲ್ಲ. ಒಂದೇ ಒಂದು ಕೇಳಿದರು: ಇಚಿಲಂಪಾಡಿಗೆ ಬನ್ನಿ, ನಿಮ್ಮ ಅಜ್ಜನ ಲೆಕ್ಕದಲ್ಲಿ ಒಂದು ಎಲೆ ಇಸಕೊಂಡು ಹೋಗಿ, ಮತ್ತೆ ಅವರೇ ಬಾಯಿ ಬಿಟ್ಟು ಹೇಳುತ್ತಾರೆ. ಹರಿಪ್ರಸಾದರಿಗೆ ಅದು ಹಿಡಿಸಲಿಲ್ಲ. ಎಲೆ ಗಿಲೆ ಎಲ್ಲ ಹಳೇ ಕಾಲದ್ದು, ಅವರು ‘ನಾನೇ ಶಶಿಪ್ರಭಾ’ ಎಂದು ಒಂದು ವೀಡಿಯೊ ಮಾಡಿ ಕಳಿಸಲಿ, ಸಮಿತಿಯ ಎದುರು ಇಡುವ ಎಂದರು. ಬೀಗದ ಕೈ ತಮ್ಮ ಕಿಸೆಯಲ್ಲಿ ಇಟ್ಟುಕೊಂಡು ಒಳಗಿದ್ದವನಿಗೆ ಹೊರಗೆ ಬಂದು ಅರ್ಜಿ ಕೊಡು ಎಂದ ಹಾಗೆ. ಅಲ್ಲಿದ್ದ ಸಮಿತಿಯ ಇನ್ನೊಬ್ಬರು ನಡುವೆ ಬಾಯಿ ಹಾಕಿದರು. ತಾಯಿ ಪಾತ್ರ ಗಂಡಸು ಮಾಡಿದ್ದು ಎಂದು ಗೊತ್ತಾದರೆ ಅಳುವ ಸೀನಿಗೆ ಜನ ನಗಾಡುತ್ತಾರೆ ಎಂದರು.

ಕುಕ್ಕಪ್ಪನವರು ಕೋಲೂರಿ ಎದ್ದರು. “ಐವತ್ತು ವರ್ಷ ಹಿಂದೆ ಜನ ಅತ್ತದ್ದು ಮತ್ತೆ ಯಾರ ಮುಖ ನೋಡಿ? ನಿಮ್ಮ ಮದ್ರಾಸಿನ ಹೆಂಗಸು ಉಂಬಳ ನೋಡಿ ಓಡಿದ್ದು. ಓಡದೆ ನಿಂತವನಿಗೆ ನೀವು ಮಾಲೆ ಹಾಕಿದ್ದೀರಿ, ಅದೂ ಸತ್ತವನಿಗೆ ಹಾಕುದು.”

ಸಮಿತಿಯವರು ಜ್ಯೂಸಿನ ಗ್ಲಾಸುಗಳನ್ನು ತೆಗೆದರು.

ಹರಿಪ್ರಸಾದರ ಕಷ್ಟ ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. ಭಾನುವಾರ ವೇದಿಕೆಯಲ್ಲಿ ದುಗ್ಗಪ್ಪನವರ ದೊಡ್ಡ ಭಾವಚಿತ್ರ ಅನಾವರಣವಾಗುತ್ತದೆ. ಅದರ ಕೆಳಗೆ ‘ನುಡಿದಂತೆ ನಡೆದವರು’ ಎಂದು ಬರೆಸಿದ್ದಾರೆ. ಮೊಮ್ಮಗ ಹೋಗಿ ಆ ಎಲೆಯನ್ನು ತೆಗೆದುಕೊಂಡರೆ ಅಜ್ಜ ಟೈಟಲಿನಲ್ಲಿ ಸುಳ್ಳು ಹಾಕಿಸಿದ್ದೂ, ಬರುತ್ತೇನೆಂದು ಹೇಳಿ ಬಾರದೇ ಹೋದದ್ದೂ ಒಪ್ಪಿದ ಹಾಗೆ. ಒಪ್ಪಬಹುದು. ಅಜ್ಜಂದಿರು ದೇವರಲ್ಲ, ಜೀಪು ಓಡಿಸಿದವರು, ಸಿನೆಮಾ ತೆಗೆಯುವ ಧೈರ್ಯ ಮಾಡಿದವರು, ಒಂದು ತಪ್ಪೂ ಮಾಡಿದವರು. ಆ ತಪ್ಪನ್ನು ತಿದ್ದಲು ಬೇಕಾದದ್ದು ಪುತ್ತೂರಿನಿಂದ ಇಚಿಲಂಪಾಡಿಯವರೆಗಿನ ದಾರಿ ಮತ್ತು ಚಾಚಿದ ಒಂದು ಕೈ. ಆದರೆ ನಮ್ಮ ಊರುಗಳಲ್ಲಿ ಸನ್ಮಾನಕ್ಕೆ ಶಾಲು ಎಷ್ಟು ಬೇಕಾದರೂ ಸಿಗುತ್ತದೆ, ಚಾಚುವ ಕೈ ಸಿಗುವುದಿಲ್ಲ. ನುಡಿದಂತೆ ನಡೆದವರು ಯಾರು ಎಂದು ಹುಡುಕಿದರೆ ಇನ್ನೂರ ನಲವತ್ತು ರಬ್ಬರ್ ಮರಗಳ ನಡುವೆ ಒಬ್ಬರು ಸಿಗುತ್ತಾರೆ. ಅವರ ಹೆಸರು ಆ ಸಂಚಿಕೆಯ ಎಪ್ಪತ್ತೆರಡು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಊಟದ ವ್ಯವಸ್ಥೆಗೆ ಸಹಕರಿಸಿದವರ ಹೆಸರು ಇದೆ, ಮೈಕಿನವರ ಹೆಸರು ಇದೆ. ಇರಲಿ, ಇರಬೇಕಾದದ್ದೇ. ತಾಯಿಯ ಹೆಸರೂ ಇರಬೇಕಾಗಿತ್ತು.

ಈ ಲೇಖನದಿಂದ ಚನಿಯಪ್ಪನವರ ಮಾತು ತಪ್ಪಿದ ಹಾಗಾಗುವುದಿಲ್ಲವೇ ಎಂದು ಕೇಳುವವರಿರಬಹುದು. ಅಪ್ಪಿ ಎಲೆ ಹಿಡಿದವರಲ್ಲ. ಕುಕ್ಕಪ್ಪ ಎಲೆ ಹಿಡಿದವರಲ್ಲ. ಈ ಪತ್ರಿಕೆಯೂ ಹಿಡಿದದ್ದಲ್ಲ. ಹಿಡಿದವರು ಇಂದಿಗೂ ಬಾಯಿ ಬಿಟ್ಟಿಲ್ಲ, ಹೆಂಡತಿ ನೇರವಾಗಿ ಕೇಳಿದಾಗಲೂ. ಪುತ್ತೂರಿನಿಂದ ಬಂದ ಸಂಜೆ ಅಪ್ಪಿ ಎಲ್ಲವನ್ನೂ ಗಂಡನ ಎದುರು ಹೇಳಿ, ಇದು ಹೌದಾ ಅಲ್ಲವಾ ಎಂದು ಕೇಳಿದರಂತೆ. ಚನಿಯಪ್ಪ ಸುಮ್ಮನೆ ಎಲೆ ಚಾಚಿದರಂತೆ. ಆ ದಿನ ಅಪ್ಪಿ ಅದನ್ನು ತಿನ್ನಲಿಲ್ಲ.

ಬೆಳಗ್ಗಿನ ಎಂಟು ಗಂಟೆ. ಕೊನೆಯ ಮರ ಮುಗಿದಿದೆ. ಚನಿಯಪ್ಪ ಕತ್ತಿಯನ್ನು ಒರೆಸಿ ಬಟ್ಟೆ ಸುತ್ತುತ್ತಾರೆ, ಎಡ ಮಣಿಕಟ್ಟಿನ ಹಿಂಬದಿಯಿಂದ ಮೂಗು ಒರೆಸಿಕೊಳ್ಳುತ್ತಾರೆ. ಕೆಳಗೆ ಮನೆಯಿಂದ ಅಪ್ಪಿ ಚಾ ತಂದಿದ್ದಾರೆ. ಭಾನುವಾರ ಟ್ಯಾಪಿಂಗಿಗೆ ಬರುವುದಿಲ್ಲ ಎಂದು ತೋಟದವರಿಗೆ ಹೇಳಿಯಾಗಿದೆ. ನಲವತ್ತನಾಲ್ಕು ವರ್ಷಗಳಲ್ಲಿ ಹೀಗೆ ರಜೆ ಕೇಳಿದ್ದು ಮಗಳ ಮದುವೆಗೆ ಮತ್ತು ಇದಕ್ಕೆ. ಇಸ್ತ್ರಿ ಹಾಕಿದ ಬಿಳಿ ಅಂಗಿ ಗೂಟದಲ್ಲಿದೆ. ಕಿಸೆ ಇರುವ ಅಂಗಿಯೇ ಬೇಕೆಂದು ಎರಡು ಅಂಗಿ ಬದಲಾಯಿಸಿದ್ದಾರೆ.

ಸಭಾಭವನದಲ್ಲಿ ಅವರು ಎಲ್ಲಿ ಕೂರುತ್ತಾರೆ? ಕೊನೆಯ ಸಾಲಿನಲ್ಲಿ, ಎನ್ನುತ್ತಾರೆ. ಎದುರಿಗೆ ಮಾಲೆ ಹಾಕಿದ ಫೋಟೊ ಇರುತ್ತದೆ, ಬೇಸರ ಆಗುವುದಿಲ್ಲವೇ?

“ಹೂವಿಗೆ ಎಂತ ದೋಷ? ಹಾಕಿದ್ದು ಹಾಕಿ ಆಯ್ತು.” ಚಾ ಆರಿಸುತ್ತಾರೆ. “ನಾನು ಆ ಪಿಚ್ಚರ್ ನೋಡ್ಲೇ ಇಲ್ಲ. ಇಲ್ಲಿ ಟೆಂಟಿಗೆ ಬಂದಾಗಲೂ ಹೋಗ್ಲಿಲ್ಲ. ನೋಡುವಾಗ ನನ್ನ ಮುಖದಲ್ಲಿ ಜನಕ್ಕೆ ಏನಾದರೂ ಕಂಡುಬಿಟ್ಟರೆ ಅಂತ ಹೆದರಿಕೆ. ಈಗ ಎಪ್ಪತ್ತೊಂದಾಯ್ತು, ಈ ಮುಖದಲ್ಲಿ ಎಂತ ಕಂಡರೂ ವಯಸ್ಸು ಅಂತ ಗ್ರಹಿಸಿಯಾರು.”

ಏನನ್ನು ನೋಡಬೇಕೆಂದು ಆಸೆ?

ಚನಿಯಪ್ಪ ಅಪ್ಪಿಯ ಕಡೆ ನೋಡುತ್ತಾರೆ. ಕೈ ತಾನಾಗಿಯೇ ಎದ್ದು, ಇಲ್ಲದ ಸೆರಗನ್ನು ಹೆಗಲಿಗೆ ಸರಿ ಮಾಡಿ, ಕಿಸೆಯ ಎಲೆಯ ಮೇಲೆ ಬಂದು ನಿಲ್ಲುತ್ತದೆ.

“ಮಗ ಹೋಗುವ ಸೀನಿನಲ್ಲಿ ಆ ತಾಯಿಯ ಕೈ ನಡುಗಬಾರದು. ನಡುಗಿದೆಯಾ ಅಂತ ನೋಡ್ಬೇಕು. ಅವಳು ಒಳ್ಳೆದು ಮಾಡಿದ್ದಾಳೆ ಅಂತ ಕೇಳಿದ್ದೇನೆ.”